ಪಿಂಛಿ, ಕಮಂಡಲು, ಲಿಥಿಯಂ ಬ್ಯಾಟರಿ

ಪಶ್ಚಿಮ ಆಸ್ಟ್ರೇಲಿಯಾದ ಹಾಲ್ಸ್ ಕ್ರೀಕ್‌ನಿಂದ ವಿಲೂನಾವರೆಗೆ ಮರುಭೂಮಿಯನ್ನು ಸೀಳಿಕೊಂಡು ಹೋಗುವ ಕ್ಯಾನಿಂಗ್ ಸ್ಟಾಕ್ ರೂಟ್ ಸುಮಾರು 1,850 ಕಿಲೋಮೀಟರ್ ಉದ್ದದ ದಾರಿ. ಡಾಂಬರಿಲ್ಲ, ಕರೆಂಟ್ ಕಂಬವಿಲ್ಲ. ನೂರಾರು ಮರಳುದಿಬ್ಬಗಳನ್ನು ಹತ್ತಿ ಇಳಿಯಬೇಕು. ಮಲಗಲು, ಬೇಯಿಸಿಕೊಳ್ಳಲು ಜಾಗವಿರುವ ಫೋರ್-ವೀಲ್-ಡ್ರೈವ್ ಕ್ಯಾಂಪರ್‌ನಲ್ಲಿ ಅಲ್ಲಿಗೆ ಹೊರಡುವವರು ವಾರಗಟ್ಟಲೆ ತಮಗೆ ಬೇಕಾದ ವಿದ್ಯುತ್ತನ್ನು ತಾವೇ ಹೊಂದಿಸಿಕೊಳ್ಳಬೇಕು. ಹೀಗಾಗಿ ಪ್ರಯಾಣಕ್ಕೆ ಮುಂಚೆ ಹಳೆಯ ಬ್ಯಾಟರಿ ತೆಗೆದು ದೊಡ್ಡದನ್ನು ಕೂರಿಸುವುದು ಈಗ ವಾಡಿಕೆಯಾಗಿದೆ. ಇದನ್ನು ನೋಡಿ ಕೆಲವರು ಕೇಳುವ ಪ್ರಶ್ನೆ ನ್ಯಾಯವಾದದ್ದೇ: ಮನೆಯ ಸೌಕರ್ಯ ಬಿಟ್ಟು ನಿಶ್ಶಬ್ದವನ್ನು ಹುಡುಕಿಕೊಂಡು ಹೋಗುವವರು ಮನೆಯನ್ನೇ ಹೊತ್ತುಕೊಂಡು ಹೋಗುವುದೇಕೆ? ಇದು ಮೂಲತಃ ಅಪರಿಗ್ರಹದ ಪ್ರಶ್ನೆ. ಅದಕ್ಕೆ ಜೈನ ಪರಂಪರೆ ಕೊಟ್ಟ ಉತ್ತರ ನಾವು ಊಹಿಸುವಷ್ಟು ಸರಳವಾಗಿಲ್ಲ.

ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಪರಿಗ್ರಹ ಎಂದರೇನೆಂದು ಹೇಳುವಾಗ ವಸ್ತುಗಳನ್ನು ಎಣಿಸುತ್ತ ಕೂರುವುದಿಲ್ಲ. ವಸ್ತುವಿನ ಮೇಲಿನ ಮೋಹವನ್ನೇ ಪರಿಗ್ರಹವೆನ್ನುತ್ತದೆ. ಉಟ್ಟ ಬಟ್ಟೆಯನ್ನೂ ತೊರೆದ ದಿಗಂಬರ ಮುನಿಯ ಕೈಯಲ್ಲಿ ನವಿಲುಗರಿಯ ಪಿಂಛಿ, ಕಮಂಡಲು ಇರುವುದನ್ನು ಶ್ರವಣಬೆಳಗೊಳಕ್ಕೆ ಹೋದವರು ಕಂಡಿರುತ್ತಾರೆ. ಕೂರುವ ನೆಲದ ಮೇಲಿನ ಇರುವೆ, ಹುಳುಗಳಿಗೆ ನೋವಾಗದಂತೆ ಸರಿಸಲು ಪಿಂಛಿ. ಶುಚಿಗೆ ಬೇಕಾದ ನೀರಿಗೆ ಕಮಂಡಲು. ಹಿಂಸೆಯನ್ನು ತಗ್ಗಿಸುವ, ಸಂಯಮಕ್ಕೆ ಒದಗುವ ವಸ್ತು ಅಲ್ಲಿ ಉಪಕರಣ ಎನ್ನಿಸಿಕೊಳ್ಳುತ್ತದೆ. ಸಂಸಾರಿಗೆ ಇಷ್ಟು ಕಠಿಣ ನಿಯಮವಿಲ್ಲ. ಅವನಿಗಿರುವುದು ಪರಿಗ್ರಹ ಪರಿಮಾಣ ವ್ರತ: ಹೊಲ, ಮನೆ, ಚಿನ್ನ, ಧಾನ್ಯ ತನಗೆ ಎಷ್ಟು ಸಾಕೆಂದು ತಾನೇ ಮೊದಲು ಗೊತ್ತುಮಾಡಿಕೊಂಡು ಆ ಗೆರೆ ದಾಟದಿರುವುದು. ಆ ಅಂಕಿ ಇಷ್ಟೇ ಇರಬೇಕೆಂದು ಶಾಸ್ತ್ರ ಹೇಳುವುದಿಲ್ಲ. ಕ್ಯಾಂಪರ್‌ನ ಬ್ಯಾಟರಿಗೂ ಈ ಎರಡು ಪರೀಕ್ಷೆ ಸಾಕು ಎಂಬುದು ನನ್ನ ವಾದ. ಅದು ಹಿಂಸೆಯನ್ನು ಕಡಿಮೆ ಮಾಡುತ್ತದೆಯೇ? ಅದರ ಮಿತಿಯನ್ನು ಕೊಳ್ಳುವ ಮೊದಲೇ ನಿಶ್ಚಯಿಸಲಾಗಿದೆಯೇ?

ಮೊದಲ ಪರೀಕ್ಷೆಯಲ್ಲಿ ಹೊಸ ಬ್ಯಾಟರಿ ಬಹುಮಟ್ಟಿಗೆ ಗೆಲ್ಲುತ್ತದೆ. 12 ವೋಲ್ಟ್, 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ ಸುಮಾರು 30 ಕಿಲೋ ತೂಗುತ್ತದೆ. ಅದು ಬೇಗ ಕೆಡಬಾರದೆಂದರೆ ಅರ್ಧದಷ್ಟನ್ನು ಮಾತ್ರ ಬಳಸಬೇಕು, ಅಂದರೆ 600 ವ್ಯಾಟ್-ಅವರ್. ಅಷ್ಟೇ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸುಮಾರು 12 ಕಿಲೋ. ಅದರ 1,280 ವ್ಯಾಟ್-ಅವರ್‌ನಲ್ಲಿ ಬಹುಪಾಲು ಬಳಕೆಗೆ ಸಿಗುತ್ತದೆ. ಸಣ್ಣ ಫ್ರಿಜ್, ಎಲ್‌ಇಡಿ ದೀಪ, ನೀರಿನ ಪಂಪ್, ಫೋನುಗಳಿಗೆ ದಿನಕ್ಕೆ 600–700 ವ್ಯಾಟ್-ಅವರ್ ಹಿಡಿದರೆ, ಮೋಡವಿಲ್ಲದ ದಿನ 200 ವ್ಯಾಟ್‌ನ ಸೋಲಾರ್ ಪ್ಯಾನೆಲ್ ಅಷ್ಟನ್ನೂ ತುಂಬಿಕೊಡುತ್ತದೆ. ಪೆಟ್ರೋಲ್ ಜನರೇಟರ್ ಊರಲ್ಲೇ ಉಳಿಯಬಹುದು. ಜನರೇಟರಿನ ಸದ್ದು ಮರುಭೂಮಿಯ ರಾತ್ರಿಯಲ್ಲಿ ಬಹುದೂರ ಕೇಳುತ್ತದೆ. ಪಕ್ಕದಲ್ಲಿ ಬಿಡಾರ ಹೂಡಿದವರ ನಿದ್ದೆಯನ್ನೂ, ರಾತ್ರಿ ಸಂಚರಿಸುವ ಪ್ರಾಣಿಗಳ ನೆಮ್ಮದಿಯನ್ನೂ ಕೆಡಿಸುತ್ತದೆ. ಅದನ್ನು ಬಿಟ್ಟು ಬರಲು ನೆರವಾದ ಬ್ಯಾಟರಿಯನ್ನು ನಾನು ಉಪಕರಣಗಳ ಸಾಲಿಗೇ ಸೇರಿಸುತ್ತೇನೆ.

ಹೆಚ್ಚಿನವರು ಸೋಲುವುದು ಎರಡನೆಯ ಪರೀಕ್ಷೆಯಲ್ಲಿ. ಬ್ಯಾಟರಿ ದೊಡ್ಡದಿದೆಯಲ್ಲ, ಇಂಡಕ್ಷನ್ ಒಲೆಯೂ ಇರಲಿ ಎನಿಸುತ್ತದೆ. 1,800 ವ್ಯಾಟ್‌ನ ಒಲೆ 12 ವೋಲ್ಟ್ ಬ್ಯಾಟರಿಯಿಂದ 150 ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ. ಅದಕ್ಕೆ ದೊಡ್ಡ ಇನ್ವರ್ಟರ್, ದಪ್ಪ ತಾಮ್ರದ ಕೇಬಲ್, ದೊಡ್ಡ ಫ್ಯೂಸ್ ಬೇಕು. ಖಾಲಿಯಾದದ್ದನ್ನು ತುಂಬಲು ಇನ್ನಷ್ಟು ಪ್ಯಾನೆಲ್, ಆಲ್ಟರ್ನೇಟರ್ ಕಾಯದಂತೆ ತಡೆಯುವ ಡಿಸಿ-ಡಿಸಿ ಚಾರ್ಜರ್. ಏಸಿ ಬಂದರೆ ಎರಡನೆಯ, ಮೂರನೆಯ ಬ್ಯಾಟರಿ. ಆ ತೂಕಕ್ಕೆ ಗಟ್ಟಿಯಾದ ಸಸ್ಪೆನ್ಷನ್, ಮರಳಿನಲ್ಲಿ ಅದನ್ನೆಲ್ಲ ಎಳೆಯಲು ಹೆಚ್ಚು ಡೀಸೆಲ್. ಒಂದು ಆಸೆ ಈಡೇರಿದ ಜಾಗದಲ್ಲೇ ಇನ್ನೊಂದು ಹುಟ್ಟುತ್ತದೆಂದು ನಮ್ಮ ಹಿರಿಯರು ಎಚ್ಚರಿಸಿದ್ದು ಇಲ್ಲಿ ಕಿಲೋ, ಆಂಪಿಯರ್‌ಗಳಲ್ಲೇ ಅಳೆಯಲು ಸಿಗುತ್ತದೆ. ಬಿಸಿಲು ಪುಕ್ಕಟೆ, ಅದಕ್ಕೆ ಮಿತಿ ಯಾಕೆ ಎಂದು ಕೇಳಬಹುದು. ಬಿಸಿಲು ಪುಕ್ಕಟೆ ನಿಜ, ಬ್ಯಾಟರಿ ಅಲ್ಲ. ಅದರ ಲಿಥಿಯಂ ಪಶ್ಚಿಮ ಆಸ್ಟ್ರೇಲಿಯಾದ್ದೇ ಆದ ಗ್ರೀನ್‌ಬುಷಸ್ ಗಣಿಯಿಂದ ಬಂದಿರಬಹುದು, ಚಿಲಿಯ ಅಟಕಾಮಾದ ಉಪ್ಪುಬಯಲಿನಿಂದಲೂ ಬಂದಿರಬಹುದು. ಅಲ್ಲಿ ನೆಲದಡಿಯ ಉಪ್ಪುನೀರನ್ನೆತ್ತಿ ಆವಿಯಾಗಿಸಿ ಲಿಥಿಯಂ ತೆಗೆಯುತ್ತಾರೆ. ತಮ್ಮ ನೀರಿನ ಗತಿಯೇನೆಂದು ಅಲ್ಲಿಯ ಮೂಲನಿವಾಸಿಗಳು ಕೇಳುತ್ತಲೇ ಇದ್ದಾರೆ. ಒಂದು ಮರುಭೂಮಿಯ ಮೌನಕ್ಕೆ ಇನ್ನೊಂದು ಮರುಭೂಮಿ ಬೆಲೆ ತೆರುತ್ತಿರುವಾಗ ಬೇಡದ ಬ್ಯಾಟರಿಯನ್ನು ಸುಮ್ಮನೆ ಹೊತ್ತು ತಿರುಗುವುದು ನಿರಪಾಯದ ಖಯಾಲಿ ಆಗಲಾರದು.

ಇನ್ನೂ ಬಲವಾದ ಆಕ್ಷೇಪವೊಂದಿದೆ: ಜನವಸತಿಯಿಲ್ಲದ ಜಾಗದಲ್ಲಿ ವಿದ್ಯುತ್ ಜೀವರಕ್ಷಕ, ಅಲ್ಲಿ ಸಾಕೆಂಬ ಮಾತೇ ಅಪಾಯ. ಇನ್ಸುಲಿನ್ ಕೆಡದಂತಿರಲು ಫ್ರಿಜ್ ಬೇಕು, ಸ್ಯಾಟಲೈಟ್ ಫೋನ್ ಚಾರ್ಜ್ ಆಗಿರಬೇಕು, ಮೋಡ ಕವಿದರೆ ಎರಡು ದಿನದ ದಾಸ್ತಾನು ಇರಬೇಕು. ಒಪ್ಪುತ್ತೇನೆ; ಇವೆಲ್ಲ ಲೆಕ್ಕದಲ್ಲಿ ಮೊದಲೇ ಸೇರಬೇಕಾದವು. ಆದರೆ ಅಗತ್ಯ ಎಂದು ಕರೆದ ಮಾತ್ರಕ್ಕೆ ಯಾವುದೂ ಪ್ರಶ್ನಾತೀತವಾಗುವುದಿಲ್ಲ. ಕ್ಯಾನಿಂಗ್ ಸ್ಟಾಕ್ ರೂಟ್‌ನ ಚರಿತ್ರೆಯೇ ಇದಕ್ಕೆ ಸಾಕ್ಷಿ. ಉತ್ತರದ ಕಿಂಬರ್ಲಿ ಪ್ರದೇಶದ ದನಗಳನ್ನು ದಕ್ಷಿಣದ ಮಾರುಕಟ್ಟೆಗೆ ಹೊಡೆದುಕೊಂಡು ಬರುವುದು ಅತ್ಯಗತ್ಯವೆಂದು 1906ರಲ್ಲಿ ಸರ್ವೆಗೆ ಹೊರಟ ಆಲ್ಫ್ರೆಡ್ ಕ್ಯಾನಿಂಗ್‌ನ ತಂಡ, ನೀರಿನ ನೆಲೆ ತೋರಿಸಲೆಂದು ಅಲ್ಲಿಯ ಮೂಲನಿವಾಸಿಗಳನ್ನು ಹಿಡಿದು ಸರಪಳಿ ಬಿಗಿಯಿತು. ತಂಡದ ಅಡುಗೆಯವನೇ ದೂರು ಕೊಟ್ಟ. 1908ರಲ್ಲಿ ರಾಯಲ್ ಕಮಿಷನ್ ವಿಚಾರಣೆ ನಡೆಸಿ ಕ್ಯಾನಿಂಗ್‌ನನ್ನು ದೋಷಮುಕ್ತನನ್ನಾಗಿಸಿತು. 1910ರ ಹೊತ್ತಿಗೆ ದಾರಿಯುದ್ದಕ್ಕೂ ದನಗಳಿಗೆ ನೀರಿನ ಬಾವಿಗಳು ಸಿದ್ಧವಾದವು. ಮುಂದಿನ ಎರಡು ದಶಕಗಳಲ್ಲಿ ಆ ದಾರಿಯಲ್ಲಿ ನಡೆದ ದನದ ಹಿಂಡುಗಳು ಬೆರಳೆಣಿಕೆಯಷ್ಟು.

ಹಾಗಾಗಿ ಹೊರಡುವವರಲ್ಲಿ ನನ್ನದೊಂದು ಕೋರಿಕೆ. ಅಂಗಡಿಗೆ ಹೋಗುವ ಮೊದಲು ದಿನದ ವ್ಯಾಟ್-ಅವರ್‌ಗಳನ್ನು ಕಾಗದದ ಮೇಲೆ ಕೂಡಿಸಿ. ಔಷಧಿ, ಫೋನು, ಮೋಡದ ದಿನಗಳನ್ನು ಸೇರಿಸಿ. ಬಂದ ಮೊತ್ತಕ್ಕೆ ತಕ್ಕ ಬ್ಯಾಟರಿಯನ್ನೇ ಕೊಳ್ಳಿ, ಅದಕ್ಕಿಂತ ದೊಡ್ಡದು ರಿಯಾಯಿತಿಯಲ್ಲಿ ಸಿಕ್ಕರೂ ಬೇಡವೆನ್ನಿ.