ತನ್ನ ವಾಹನವನ್ನು ಬಿಟ್ಟುಕೊಟ್ಟವನು

(ಓದತಕ್ಕ ಭಾಗ: ಲೂಕನ ಸುವಾರ್ತೆ 10ನೆಯ ಅಧ್ಯಾಯ, 25ರಿಂದ 37ನೆಯ ವಚನಗಳು)



ಯೆರಿಕೋವಿನ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನ ಸಾಮ್ಯವನ್ನು ನಾವೆಲ್ಲರೂ ಬಲ್ಲೆವು. ಯಾಜಕನೂ ಲೇವಿಯನೂ ಅವನನ್ನು ನೋಡಿಯೂ ದಾಟಿಹೋದದ್ದನ್ನು, ಸಮಾರ್ಯದವನು ಕನಿಕರಪಟ್ಟು ಗಾಯಗಳಿಗೆ ಎಣ್ಣೆ ಹಾಕಿ ಕಟ್ಟಿದ್ದನ್ನು ನಮ್ಮ ಮಕ್ಕಳು ಸಹ ಹೇಳಬಲ್ಲರು. ಆದರೆ ಆ ಸಾಮ್ಯದಲ್ಲಿ ನಾವು ಬೇಗನೆ ಓದಿ ಬಿಟ್ಟುಬಿಡುವ ಒಂದು ಸಂಗತಿಯುಂಟು. ಅದು ಯಾವದಂದರೆ, ಸಮಾರ್ಯದವನು ತಾನು ಸವಾರಿಮಾಡುತ್ತಿದ್ದ ಪಶುವನ್ನು ಆ ಗಾಯಪಟ್ಟವನಿಗೆ ಬಿಟ್ಟುಕೊಟ್ಟದ್ದೇ. ಈ ಹೊತ್ತು ಅದನ್ನು ಕುರಿತು ಧ್ಯಾನಿಸೋಣ.

ಒಂದನೆಯದಾಗಿ, ಕರುಣೆಯು ದಾರಿ ನಡೆಯತಕ್ಕದ್ದು. ಎಣ್ಣೆಯೂ ದ್ರಾಕ್ಷಾರಸವೂ ಇದ್ದು ಪಶುವೊಂದು ಇಲ್ಲದಿದ್ದರೆ ಆ ಮನುಷ್ಯನು ಛತ್ರವನ್ನು ಸೇರುತ್ತಿದ್ದನೋ? ಔಷಧವು ಒಂದು ಊರಿನಲ್ಲಿಯೂ ರೋಗಿಯು ಮತ್ತೊಂದು ಊರಿನಲ್ಲಿಯೂ ಇರುವಾಗ, ನಡುವಣ ದಾರಿಯನ್ನು ಯಾರಾದರೂ ನಡೆಯಲೇಬೇಕು.

ಇಂಗ್ಲೆಂಡಿನಲ್ಲಿ 17ನೆಯ ಶತಮಾನದಲ್ಲಿ ಹುಟ್ಟಿದ ಕ್ವೇಕರರೆಂಬ ಕ್ರೈಸ್ತ ಪಂಗಡದವರು, ಆಯುಧ ಹಿಡಿಯುವದು ಕ್ರಿಸ್ತನ ಚಿತ್ತವಲ್ಲವೆಂದು ನಂಬಿದವರು. 1914ರಲ್ಲಿ ಯುರೋಪಿನ ಮಹಾಯುದ್ಧವು ಆರಂಭವಾದಾಗ ಅವರ ಯೌವನಸ್ಥರಲ್ಲಿ ಕೆಲವರು, ಕೊಲ್ಲುವದೂ ಬೇಡ, ಮನೆಯಲ್ಲಿ ಸುಮ್ಮನೆ ಕೂತಿರುವದೂ ಬೇಡ ಎಂದು ನಿಶ್ಚಯಿಸಿ, ಅಂಬ್ಯುಲೆನ್ಸ್ ದಳವೊಂದನ್ನು ಕಟ್ಟಿಕೊಂಡರು. ಆ ವರುಷದ ಅಕ್ಟೋಬರ್ ಕೊನೆಗೆ ಅವರಲ್ಲಿ 43 ಮಂದಿ ಸಮುದ್ರ ದಾಟಿ ಫ್ರಾನ್ಸಿನ ಡನ್‌ಕರ್ಕ್ ಪಟ್ಟಣಕ್ಕೆ ಬಂದರು. ಅಲ್ಲಿ ರೈಲ್ವೆಯ ಸರಕಿನ ಕೊಟ್ಟಿಗೆಗಳಲ್ಲಿ ಗಾಯಪಟ್ಟ ಸಿಪಾಯಿಗಳು ಹುಲ್ಲಿನ ಮೇಲೆ ಗುಂಪುಗುಂಪಾಗಿ ಬಿದ್ದಿದ್ದರು. ಬಂದವರು ಆ ಕ್ಷಣವೇ ಕೆಲಸಕ್ಕೆ ಕೈಹಾಕಿದರು.

ಎರಡನೆಯ ಮಹಾಯುದ್ಧದಲ್ಲಿ ಈ ದಳವು ತಿರಿಗಿ ಕೂಡಿತು. 1941ರಿಂದ ಅದರ ಒಂದು ತಂಡವು ಚೀನ ದೇಶದಲ್ಲಿ ಲಾರಿಗಳ ಮೂಲಕ ಔಷಧಗಳನ್ನು ಸಾಗಿಸಿತು. ಬರ್ಮಾದ ಲಾಷಿಯೋದಿಂದ ಚೀನದ ಕುನ್ಮಿಂಗಿಗೆ ಬೆಟ್ಟಗಳ ಮೇಲೆ ಹಾದುಹೋಗುವ ಸುಮಾರು 1,150 ಕಿಲೋಮೀಟರು ದಾರಿಯು, 1942ರಲ್ಲಿ ಜಪಾನಿನ ಸೈನ್ಯವು ಬರ್ಮಾವನ್ನು ಹಿಡಿದಾಗ ಮುಚ್ಚಿಹೋಯಿತು. ಆಮೇಲೆ ಸಾಮಾನುಗಳು ನಮ್ಮ ಅಸ್ಸಾಮಿನಿಂದ ವಿಮಾನಗಳಲ್ಲಿ ಪರ್ವತಗಳನ್ನು ದಾಟಿ ಕುನ್ಮಿಂಗಿಗೆ ಬಂದವು. ವಿಮಾನವು ಪಟ್ಟಣದ ವರೆಗೆ ತರುವದು. ಒಳನಾಡಿನ ಆಸ್ಪತ್ರೆಗೆ ಮುಟ್ಟಿಸುವವರು ಯಾರು? ಈ ಲಾರಿಗಳವರೇ, ಮತ್ತು ಅವರನ್ನು ಕೂಡಿಕೊಂಡ ಚೀನೀ ಸಹೋದರರೇ.

ಎರಡನೆಯದಾಗಿ, ಕರುಣೆಗೆ ವೆಚ್ಚವುಂಟು. ಗಾಯಪಟ್ಟವನು ಸವಾರಿಮಾಡಿದಾಗ ಸಮಾರ್ಯದವನು ಪಕ್ಕದಲ್ಲಿ ಕಾಲುನಡೆಯಾಗಿ ಹೋಗಿರಬೇಕಲ್ಲವೇ? ಚೀನದಲ್ಲಿ ಪೆಟ್ರೋಲು ಬಹಳ ವಿರಳವಾಗಿದ್ದದರಿಂದ ಆ ತಂಡದ ಲಾರಿಗಳಲ್ಲಿ ಅನೇಕವು ಇದ್ದಲಿನ ಹೊಗೆಯಿಂದ ಓಡಬೇಕಾಯಿತು. ಒಲೆಯನ್ನು ಹೊತ್ತಿಸುವದು, ಬೂದಿಯನ್ನು ತೆಗೆಯುವದು, ಏರಿನಲ್ಲಿ ಬಸವನಹುಳದಂತೆ ತೆವಳುವದು, ಕೆಟ್ಟುಹೋದ ಯಂತ್ರವನ್ನು ಕತ್ತಲೆಯಲ್ಲಿ ಸರಿಮಾಡುವದು, ಇದೇ ಅವರ ದಿನಚರಿ. ಸಂಬಳದ ಆಶೆಯಿಂದ ಯಾರೂ ಬಂದವರಲ್ಲ. ಕೆಲವರು ಆ ದೇಶದಲ್ಲಿಯೇ ತೀರಿಕೊಂಡರು. ಅವರ ಮುಂದಾಳುಗಳಲ್ಲಿ ಒಬ್ಬನಾದ ಡಾಕ್ಟರ್ ರಾಬರ್ಟ್ ಮೆಕ್ಲೂರ್ ಎಂಬ ಕೆನಡಾದ ಮಿಶನೆರಿಯು ತರುವಾಯ 1954ರಿಂದ 1967ರ ವರೆಗೆ ನಮ್ಮ ದೇಶದ ರತ್ಲಾಮಿನಲ್ಲಿ ರೋಗಿಗಳ ಸೇವೆಮಾಡಿದನು.

ಈ ದಾರಿಯು ಇನ್ನೂ ಮುಗಿಯಲಿಲ್ಲ. 2022ರ ಫೆಬ್ರವರಿ 24ರಂದು ರಷ್ಯದ ಸೈನ್ಯವು ಯುಕ್ರೇನ್ ದೇಶವನ್ನು ಪೂರ್ಣವಾಗಿ ಮುತ್ತಿದಂದಿನಿಂದ, ಬ್ರಿಟನ್ ಮೊದಲಾದ ದೇಶಗಳ ಸಾಮಾನ್ಯ ಜನರು ದಾನವಾಗಿ ಬಂದ ಅಂಬ್ಯುಲೆನ್ಸುಗಳಲ್ಲಿಯೂ ಕಾರುಗಳಲ್ಲಿಯೂ ಔಷಧಗಳನ್ನು ತುಂಬಿ, ಹಗಲಿರುಳು ನಡಿಸಿ, ಪೋಲೆಂಡನ್ನು ದಾಟಿ ಅಲ್ಲಿಗೆ ಮುಟ್ಟಿಸಿದ್ದಾರೆ. ಹೊಗೆಯ ನಿಯಮದಿಂದಾಗಿ ಗುಜರಿಗೆ ಹೋಗಬೇಕಾಗಿದ್ದ ಹಳೆಯ ಬಂಡಿಗಳನ್ನು ಯುಕ್ರೇನಿಗೆ ದಾನವಾಗಿ ಕೊಡುವದಕ್ಕೆ ಲಂಡನ್ ಪಟ್ಟಣದಲ್ಲಿ 2024ರಲ್ಲಿ ಅನುಮತಿ ಉಂಟಾಯಿತು. ನಡಿಸಿಕೊಂಡು ಹೋದವರು ಬಂಡಿಯನ್ನು ಅಲ್ಲಿಯೇ ಬಿಟ್ಟು, ಬರಿಗೈಯಿಂದ ಮನೆಗೆ ಹಿಂತಿರುಗುತ್ತಾರೆ. ಸಮಾರ್ಯದವನು ಸಹ ಎರಡು ನಾಣ್ಯಗಳನ್ನು ಛತ್ರದವನ ಕೈಯಲ್ಲಿ ಬಿಟ್ಟೇ ಹೋದನು.

ಮೂರನೆಯದಾಗಿ, ಕರುಣೆಯು ಗಾಯಪಟ್ಟವನ ಲೆಕ್ಕವನ್ನು ಕೇಳುವದಿಲ್ಲ. ಇಲ್ಲಿ ಕಠಿಣವಾದ ಪ್ರಶ್ನೆಯೊಂದು ಉಂಟು, ಅದನ್ನು ಮುಚ್ಚಿಡಲಾರೆವು. ವಾಸಿಯಾದ ಸಿಪಾಯಿಯು ತಿರಿಗಿ ಕೊಲ್ಲುವದಕ್ಕೆ ಹೋದರೆ, ಅವನನ್ನು ಹೊತ್ತವರು ಯುದ್ಧಕ್ಕೇ ಸಹಾಯ ಮಾಡಿದಂತಾಗಲಿಲ್ಲವೇ? ಕ್ವೇಕರರೇ ಇದನ್ನು ಕುರಿತು ಬಹಳವಾಗಿ ವಾದಿಸಿದರು. ಡನ್‌ಕರ್ಕಿನಲ್ಲಿ ಸೇವೆಮಾಡಿದ ಕಾರ್ಡರ್ ಕ್ಯಾಚ್‌ಪೂಲ್ ಎಂಬವನು, 1916ರಲ್ಲಿ ಬ್ರಿಟನಿನಲ್ಲಿ ಬಲಾತ್ಕಾರದ ಸೈನ್ಯಸೇವೆಯ ಕಾನೂನು ಬಂದ ಮೇಲೆ, ಮನಸ್ಸಾಕ್ಷಿಗಾಗಿ ದಳವನ್ನು ಬಿಟ್ಟು ಸೆರೆಮನೆಗೆ ಹೋದನು. ಇತರರು ದಳದಲ್ಲಿಯೇ ನಿಂತರು. ಇಬ್ಬರಲ್ಲಿ ಯಾರನ್ನೂ ನಾವು ತೀರ್ಪುಮಾಡುವದಿಲ್ಲ. ಯುಕ್ರೇನಿಗೆ ಹೋಗುವ ಬಂಡಿಗಳಲ್ಲಿಯೂ ಕೆಲವು ಆಸ್ಪತ್ರೆಗೆ, ಕೆಲವು ಸೈನ್ಯಕ್ಕೆ ಸೇರುತ್ತವೆ. ಕೊಡುವವನು ಅದನ್ನು ಬಲ್ಲವನಾಗಿ ಕೊಡಬೇಕು. ಆದರೆ ಒಂದು ಮಾತು ಸ್ಥಿರವಾಗಿದೆ. ದಾರಿಯಲ್ಲಿ ಬಿದ್ದವನು ವಾಸಿಯಾದ ಮೇಲೆ ಏನು ಮಾಡುವನೆಂದು ಸಮಾರ್ಯದವನು ಕೇಳಲಿಲ್ಲ. ಯೆಹೂದ್ಯರೂ ಸಮಾರ್ಯದವರೂ ಒಬ್ಬರಿಗೊಬ್ಬರು ಆಗದವರು; ನಾಳೆ ಅವನು ತನಗೇ ಮುಖ ತಿರುಗಿಸಿಯಾನೆಂದು ತಿಳಿದೂ ಸಮಾರ್ಯದವನು ತನ್ನ ಪಶುವಿನಿಂದ ಇಳಿದನು.

ಪ್ರಿಯರೇ, ನಾವು ಯುದ್ಧಭೂಮಿಗೆ ಲಾರಿ ನಡಿಸತಕ್ಕವರಲ್ಲ. ಆದರೂ ನಮ್ಮಲ್ಲಿ ಒಬ್ಬನಿಗೆ ಎತ್ತಿನ ಬಂಡಿಯುಂಟು, ಒಬ್ಬನಿಗೆ ಆಟೋ ಉಂಟು, ಒಬ್ಬನಿಗೆ ಮೋಟಾರು ಸೈಕಲು ಉಂಟು. ನಡುರಾತ್ರಿಯಲ್ಲಿ ಹೆರಿಗೆಯ ಬೇನೆಯಿಂದ ನರಳುವವಳ ಮನೆಯಿಂದ ಕೂಗು ಬಂದಾಗ ನಾವು ಬಾಗಲನ್ನು ತೆರೆಯುವೆವೋ? ಆ ಮನೆಯವರು ನಮಗೆ ಬಾವಿಯಲ್ಲಿ ನೀರು ಸೇದಗೊಡದವರಾಗಿದ್ದರೆ? ನಮ್ಮ ತಂದೆಗೆ ಜಗಲಿಯ ಮೇಲೆ ಸ್ಥಳಕೊಡದವರಾಗಿದ್ದರೆ? ಸಾಮ್ಯವು ನಮಗಾಗಿ ಹೇಳಲ್ಪಟ್ಟದ್ದು ಆ ರಾತ್ರಿಗೋಸ್ಕರವೇ.

1947ರಲ್ಲಿ ಕ್ವೇಕರರ ಎರಡು ಸೇವಾಸಂಘಗಳಿಗೆ ನೊಬೆಲ್ ಶಾಂತಿ ಬಹುಮಾನವು ದೊರೆಯಿತು. ಸಮಾರ್ಯದವನಿಗೆ ಯಾವ ಬಹುಮಾನವೂ ದೊರೆಯಲಿಲ್ಲ. ಅವನ ಹೆಸರು ಸಹ ಬರೆದಿಲ್ಲ. ಆದರೆ ಕರ್ತನು ಅವನನ್ನು ತೋರಿಸಿ, ನಾವೂ ಹಾಗೆಯೇ ಮಾಡಬೇಕೆಂದು ಅಪ್ಪಣೆಕೊಟ್ಟನು. ಕರೆ ಬಂದಾಗ ಎದ್ದು ಹೊರಡುವ ಮನಸ್ಸನ್ನು ಆತನೇ ನಮ್ಮ ಸಭೆಗಳಲ್ಲಿ ಪ್ರತಿಯೊಬ್ಬನಿಗೂ ದಯಪಾಲಿಸಲಿ. ಆಮೆನ್.