ಮನುಕುಲದ ಸೊತ್ತು ಅಂದರೆ ಯಾರ ಸೊತ್ತು?

ನಮ್ಮ ರಾಜ್ಯದ ಪ್ರವಾಸೋದ್ಯಮ ಇಲಾಖೆ ತನ್ನ ಜಾಹೀರಾತುಗಳ ಮೇಲೆ ಅಚ್ಚು ಹಾಕಿಸುತ್ತಾ ಬಂದ ಮಾತೊಂದಿದೆ: ಒಂದು ರಾಜ್ಯ, ಹಲವು ಜಗತ್ತು. ಬರೆದವನ ಕಣ್ಣ ಮುಂದೆ ಕಾಡು, ಕಡಲು, ಕಲ್ಲಿನ ಗುಡಿಗಳು ಇದ್ದಿರಬೇಕು. ನಮ್ಮ ಕಿವಿಗೆ ಅದು ಬೇರೆ ಥರ ಬೀಳುತ್ತದೆ. ಒಂದೇ ಊರಲ್ಲಿ ಎರಡು ಜಗತ್ತು ಇರೋದನ್ನ ಹುಟ್ಟಿದಾಗಿನಿಂದ ಕಂಡವರು ನಾವು. ಊರು ಒಂದು, ಕೇರಿ ಇನ್ನೊಂದು. ಆ ಎರಡನೆಯದನ್ನು ತೋರಿಸೋದಕ್ಕೆ ಯಾವ ಬಸ್ಸೂ ಹೊರಡುವುದಿಲ್ಲ.

ಗೆಳೆಯರೇ, ಅಕ್ಕಿ ಮಾರುವವನು ಅಕ್ಕಿ ಅಳೆದು ಕೊಡುತ್ತಾನೆ, ಬಟ್ಟೆ ಮಾರುವವನು ಬಟ್ಟೆ ಹರಿದು ಕೊಡುತ್ತಾನೆ. ಪ್ರವಾಸೋದ್ಯಮ ಏನು ಕೊಡುತ್ತದೆ? ನೋಟ ಕೊಡುತ್ತದೆ. ನಮ್ಮ ರಾಜ್ಯಕ್ಕಿನ್ನೂ ಮೈಸೂರು ಅನ್ನೋ ಹೆಸರಿದ್ದಾಗಲೇ, 1971ರಲ್ಲಿ, ಇದಕ್ಕಂತಲೇ ಒಂದು ನಿಗಮ ಹುಟ್ಟಿತು. ಮಯೂರ ಹೆಸರಿನ ಹೋಟೆಲುಗಳು ಎದ್ದವು, ಪ್ರವಾಸದ ಬಸ್ಸುಗಳು ಓಡಿದವು. 2008ರಲ್ಲಿ ಹಂಪಿಯ ಕಲ್ಲಿನ ರಥದ ಹೆಸರಲ್ಲೇ ಗೋಲ್ಡನ್ ಚಾರಿಯಟ್ ಅನ್ನುವ ಐಷಾರಾಮಿ ರೈಲೂ ಬಂತು. ಇದನ್ನೆಲ್ಲ ಬೇಡ ಅನ್ನೋದಕ್ಕೆ ನಾನು ಕೂತಿಲ್ಲ. ಆದರೆ ನೋಟವನ್ನು ಮಾರುವವನು ಮೊದಲು ಒಂದು ತೀರ್ಮಾನ ಮಾಡಬೇಕಾಗುತ್ತದೆ: ಯಾವುದು ಕಾಣಬೇಕು, ಯಾವುದು ಕಾಣಬಾರದು. ಆ ತೀರ್ಮಾನ ಮಾಡುವ ಕುರ್ಚಿಯಲ್ಲಿ ಯಾರು ಕೂತಿರುತ್ತಾರೆ? ನನ್ನ ತಕರಾರು ಇರೋದು ಅಲ್ಲಿ.

ಹಂಪಿಯನ್ನೇ ತಗೊಳ್ಳಿ. 1986ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸುಮಾರು 42 ಚದರ ಕಿಲೋಮೀಟರು ನೆಲ ಇಡೀ ಮನುಕುಲದ ಸೊತ್ತಾಯಿತು. ಕೇಳೋದಕ್ಕೆ ಎಷ್ಟು ದೊಡ್ಡ ಮಾತು! ತುಂಗಭದ್ರೆಗೆ ಅಡ್ಡವಾಗಿ ಕಟ್ಟುತ್ತಿದ್ದ ಸೇತುವೆಗಳಿಂದ ಪರಂಪರೆಗೆ ಅಪಾಯ ಅಂತ 1999ರಲ್ಲಿ ಅಪಾಯದ ಪಟ್ಟಿಗೂ ಹೋಯಿತು, 2006ರಲ್ಲಿ ಅಲ್ಲಿಂದ ಹೊರಬಂತು. ಆನೆಗೊಂದಿಗೆ ಹೋಗಬೇಕಿದ್ದ ಸೇತುವೆ ಮತ್ತೆ ಕಟ್ಟುವಾಗ 2009ರ ಜನವರಿಯಲ್ಲಿ ಕುಸಿದುಬಿತ್ತು, ಕೂಲಿ ಮಾಡುತ್ತಿದ್ದವರು ಸತ್ತರು. ಪಟ್ಟಿಯಲ್ಲಿ ಅಪಾಯ ಅಂದರೆ ಕಲ್ಲಿಗೆ ಬಂದ ಅಪಾಯ ಅಂತಲೇ ಅರ್ಥ.

ವಿರೂಪಾಕ್ಷನ ಗುಡಿ ಮುಂದಿನ ರಥಬೀದಿಯ ಎರಡೂ ಬದಿಗೆ ಸಾಲುಮಂಟಪಗಳಿವೆ. ಬಜಾರು ನಡೆಯಲಿ ಅಂತಲೇ ಕಟ್ಟಿದ ಮಂಟಪಗಳು ಅವು. ನಮ್ಮ ಕಾಲದಲ್ಲಿ ಅಲ್ಲಿ ಜನ ಒಲೆ ಹಚ್ಚಿದರು, ತೊಟ್ಟಿಲು ಕಟ್ಟಿದರು, ಎಳನೀರು, ಹೂವು, ಕಾಯಿ ಮಾರಿದರು. 2002ರ ಕಾಯ್ದೆಯಿಂದ ಹುಟ್ಟಿದ ಪ್ರಾಧಿಕಾರವೊಂದು ಹಂಪಿಯ ನಿರ್ವಹಣೆಗೆ ನಿಂತ ಮೇಲೆ ಈ ಬದುಕಿಗೆ ಬೇರೆ ಹೆಸರು ಬಂತು: ಒತ್ತುವರಿ. 2011ರ ಜುಲೈ 29ರಂದು ಬುಲ್ಡೋಜರುಗಳು ಬಂದವು. ಜನರ ಕೈಗೆ ಸಿಕ್ಕ ಸಮಯ ಒಂದು ದಿನವೂ ಪೂರ್ತಿ ಇರಲಿಲ್ಲ. ನೂರಾರು ಕುಟುಂಬಗಳು ಬೀದಿಗೆ ಬಿದ್ದವು. ಆಮೇಲೆ ಕಡ್ಡಿರಾಂಪುರದ ಹತ್ತಿರ ನಿವೇಶನ ಅಂದರು.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಮಂಟಪಗಳ ಬೆನ್ನಿಗೆ, ನೆತ್ತಿಗೆ ಸಿಮೆಂಟು ಮೆತ್ತಿ ರೂಮು ಕಟ್ಟಿದವರು ಇದ್ದರು. ವಿದೇಶಿಯರಿಗೆ ಬಾಡಿಗೆಗೆ ಬಿಟ್ಟು ದುಡ್ಡು ಮಾಡಿಕೊಂಡವರೂ ಇದ್ದರು, ಅವರೆಲ್ಲ ನಮ್ಮವರೇನಲ್ಲ. ಕಲ್ಲು ಒಡೆದರೆ ಮತ್ತೆ ಹುಟ್ಟೋದಿಲ್ಲ, ನಿಜ. ಹೊಳೆಯಾಚೆ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ 2020ರಲ್ಲಿ ಕೆಡವಿದಾಗ ನನಗೆ ಅಂಥ ಸಂಕಟವೇನೂ ಆಗಲಿಲ್ಲ. ಆದರೆ ರೆಸಾರ್ಟಿನವನ ಜಗಳ ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆಯಿತು, ಎಳನೀರಿನವಳಿಗೆ ಒಂದು ರಾತ್ರಿ ಸಿಕ್ಕಿತು. ಕಾನೂನು ಒಂದೇ ಅಂತೀರಲ್ಲ, ಅದರ ಗಡಿಯಾರ ಮಾತ್ರ ಎರಡು.

ಮನುಕುಲ ಅನ್ನುವ ಮಾತಿನೊಳಗೆ ಆ ಎಳನೀರಿನವಳು ಇದ್ದಾಳೋ ಇಲ್ಲವೋ? ಇದ್ದಾಳೆ ಅಂತಾದರೆ ಅವಳ ಸೊತ್ತಿನಿಂದ ಅವಳನ್ನು ಎಬ್ಬಿಸಿದ್ದು ಹೇಗೆ? ಇಲ್ಲ ಅಂತಾದರೆ ಅದು ನಮಗೆ ಹೊಸದಲ್ಲ. ಹಿಂದೆ ಶಾಸ್ತ್ರದ ಹೆಸರಲ್ಲಿ 'ದೂರ ನಿಲ್ಲು' ಅಂದರು, ಈಗ ಪರಂಪರೆಯ ಹೆಸರಲ್ಲಿ ಅಂತಾರೆ.

ಇಷ್ಟಕ್ಕೇ ನಿಲ್ಲಿಸಿದರೆ ಸುಲಭವಾಗಿತ್ತು. ಆದರೆ ನೋಡುವ ಸುಖವನ್ನು ನಾವು ಬಿಟ್ಟುಕೊಡಬೇಕೆ? ಅದನ್ನು ನಮ್ಮಿಂದ ಕಸಿದುಕೊಂಡ ಚರಿತ್ರೆಯೂ ಇದೆಯಲ್ಲ. 1934ರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ತಮ್ಮ ಸಂಗಾತಿಗಳ ಜೊತೆ ವೇರೂಳದ ಗವಿಗಳನ್ನು ನೋಡಲು ಪ್ರವಾಸ ಹೊರಟಿದ್ದರು. ದಾರಿಯಲ್ಲಿ ದೌಲತಾಬಾದ್ ಕೋಟೆ. ಬಾಗಿಲ ಬಳಿ ತುಂಬಿದ ಕೊಳ. ದೂಳು ಮೆತ್ತಿದ ಮುಖ, ಕೈಕಾಲು ತೊಳೆದರು. ಅಷ್ಟೇ, ಕೊಳ ಮೈಲಿಗೆಯಾಯಿತು ಅಂತ ಅಲ್ಲಿನ ಮುಸ್ಲಿಮರೇ ಗದ್ದಲ ಎಬ್ಬಿಸಿ ಬೈದರು. ಕಡೆಗೆ ಕೋಟೆ ನೋಡಲು ಬಿಟ್ಟರು, ಆದರೆ ಒಳಗೆ ಎಲ್ಲೂ ನೀರು ಮುಟ್ಟಬಾರದು ಅಂತ, ಕಾಯುವುದಕ್ಕೆ ಶಸ್ತ್ರ ಹಿಡಿದ ಸಿಪಾಯಿಯನ್ನು ಜೊತೆಗೆ ಕಳಿಸಿದರು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಇದನ್ನು ಬರೆದಿದ್ದಾರೆ. ಪರದೇಶದಲ್ಲಿ ಓದಿ ಬಂದ ಮನುಷ್ಯ ತನ್ನ ದೇಶದ ಒಂದು ಕೋಟೆಯನ್ನು ಕಾವಲಿನಲ್ಲಿ ನೋಡಬೇಕಾಯಿತು.

ಅದಕ್ಕೇ ಟಿಕೆಟ್ಟಿನ ಕಿಟಕಿಯನ್ನು ನಾನು ಹಗುರವಾಗಿ ಕಾಣಲಾರೆ. ಅದು ಯಾವೂರು ಅಂತ ಕೇಳೋದಿಲ್ಲ, ಯಾರ ಪೈಕಿ ಅಂತ ಕೇಳೋದಿಲ್ಲ. ನಮ್ಮವ್ವ ಒಮ್ಮೆ ವಿಠ್ಠಲನ ಗುಡಿಯ ಗರ್ಭಗುಡಿ ತನಕ ನಡೆದು ಹೋದಳು, ಯಾರೂ ತಡೆಯಲಿಲ್ಲ. ನಮ್ಮೂರ ಗುಡಿಯ ಹೊಸ್ತಿಲನ್ನು ಅವಳು ಈವತ್ತಿಗೂ ದಾಟಿಲ್ಲ. 'ಇಲ್ಲಿ ಯಾಕೆ ಬಿಡ್ತಾರೋ?' ಅಂದಳು. 'ಇಲ್ಲಿ ದೇವರಿಲ್ಲವ್ವ, ಪೂಜೆ ನಿಂತು ನೂರಾರು ವರ್ಷ ಆಯ್ತು' ಅಂದೆ. 'ಅಂಗಾರೆ ಸರಿ' ಅಂದಳು. ದೇವರು ಬಿಟ್ಟುಹೋದ ಗುಡಿಯಲ್ಲಿ ನಮಗೆ ಜಾಗ ಸಿಕ್ಕಿದೆ. ಇದನ್ನು ಬಿಡುಗಡೆ ಅನ್ನಬೇಕೋ, ದುಡ್ಡಿನ ಧರ್ಮ ಅನ್ನಬೇಕೋ, ನೀವೇ ಯೋಚನೆ ಮಾಡಿ.

ಇಲಾಖೆ ನಮಗಾಗಿ ಏನೂ ಮಾಡಿಲ್ಲ ಅನ್ನೋದು ಸುಳ್ಳು. ಪರಿಶಿಷ್ಟ ಜಾತಿ, ಪಂಗಡದ ನಿರುದ್ಯೋಗಿ ಹುಡುಗರಿಗೆ ಸಹಾಯಧನ ಕೊಟ್ಟು ಪ್ರವಾಸಿ ಟ್ಯಾಕ್ಸಿ ಕೊಡಿಸಿದೆ. ನಮ್ಮ ಸೋದರಮಾವನ ಮಗ ಹಾಗೇ ಹಳದಿ ಬೋರ್ಡಿನ ಗಾಡಿ ತಗೊಂಡ, ಬ್ಯಾಂಕಿನ ಕಂತು ಕಟ್ಟುತ್ತಾ ಮಾನವಾಗಿ ಬದುಕಿದ್ದಾನೆ. ಹಂಪಿಗೆ ಎಷ್ಟು ಸಲ ಹೋಗಿದ್ದಾನೋ ಲೆಕ್ಕವಿಲ್ಲ. 'ಹೆಂಗದೆಯೋ ಹಂಪಿ?' ಅಂತ ಕೇಳಿದೆ. 'ಪಾರ್ಕಿಂಗಿನಲ್ಲಿ ನೆರಳಿಲ್ಲ ಕಣಣ್ಣ' ಅಂದ. ಅವನು ಕರೆತಂದವರು ಒಳಗೆ ನೋಡಿ ಬರುವ ತನಕ ಸೀಟು ಹಿಂದಕ್ಕೆ ಒರಗಿಸಿ ಮಲಗುತ್ತಾನೆ. ರಾತ್ರಿಯೂ ಎಷ್ಟೋ ಸಲ ಅದೇ ಸೀಟು. ಗಾಡಿ ಅವನದಾಯಿತು, ಪ್ರವಾಸ ಅವನದಾಗಲಿಲ್ಲ.

ಮೇಷ್ಟ್ರುಗಳಿಗೆ ಒಂದು ಮಾತು. ಸರ್ಕಾರಿ ಶಾಲೆಯ ಬಡ ಮಕ್ಕಳನ್ನು ಕರೆದೊಯ್ಯುವ ಕರ್ನಾಟಕ ದರ್ಶನ ಅನ್ನೋ ಯೋಜನೆ ಇದೆಯಲ್ಲ, ಅದು ಒಳ್ಳೆಯದೇ. ಆದರೆ ಗೈಡಿನ ಬಾಯಲ್ಲಿ ಬರೀ ರಾಜರು. 1900ರಲ್ಲಿ ರಾಬರ್ಟ್ ಸಿವೆಲ್ ಎಂಬ ಇಂಗ್ಲಿಷ್ ಅಧಿಕಾರಿ ತನ್ನ ಪುಸ್ತಕದ ಹೆಸರಲ್ಲೇ ಇದನ್ನು ಮರೆತುಹೋದ ಸಾಮ್ರಾಜ್ಯ ಎಂದ. ಯಾರು ಮರೆತಿದ್ದರು? ವಿಜಯನಗರದ ಕಾಲದಲ್ಲಿ ತೋಡಿದ ತುರ್ತಾ ಕಾಲುವೆ ಈಗಲೂ ಹರಿಯುತ್ತಿದೆ, ಬಾಳೆತೋಟಕ್ಕೆ, ಗದ್ದೆಗೆ ನೀರುಣಿಸುತ್ತಿದೆ. ಅದರ ಹೂಳೆತ್ತಿದವರು, ಅದರ ಕೆಸರಲ್ಲಿ ನಾಟಿ ಹಾಕಿದವರು ಯಾವತ್ತೂ ಅದನ್ನು ಮರೆಯೋ ಹಾಗೆ ಇರಲಿಲ್ಲ. ಮಕ್ಕಳನ್ನು ಆ ಕಾಲುವೆಯ ಏರಿ ಮೇಲೆ ಸ್ವಲ್ಪ ಹೊತ್ತು ನಡೆಸಿ. ಕಲ್ಲಿನ ರಥ ಹೇಗೂ ನೋಡುತ್ತಾರೆ, 2017ರಿಂದ ಅದು ಐವತ್ತು ರೂಪಾಯಿ ನೋಟಿನ ಮೇಲೂ ಇದೆ. ಹೊಸಪೇಟೆಗೆ ವಾಪಸು ಬರುವಾಗ ಕಡ್ಡಿರಾಂಪುರದಲ್ಲಿ ಬಸ್ಸು ಅರ್ಧ ಗಂಟೆ ನಿಲ್ಲಿಸಿ. ಬಜಾರಿನಿಂದ ಬಂದವರು ಅಲ್ಲಿದ್ದಾರೆ. ಮಕ್ಕಳು ಅವರನ್ನೇ ಕೇಳಲಿ, 'ಅಜ್ಜಿ, ನಿಮ್ಮ ಮನೆ ಯಾವ ಮಂಟಪದಲ್ಲಿತ್ತು?'