ಕಾಣುವ ಕಣ್ಣೀರು, ಕಾಣದ ಕಣ್ಣೀರು



2025ರ ಆಗಸ್ಟ್ 2ರಂದು ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯದಲ್ಲಿ ಒಂದು ಮೊಕದ್ದಮೆಯ ಕೊನೆಯ ವಾದ ನಡೆಯಿತು. ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಮನೆಗೆಲಸದ ಮಹಿಳೆಯೊಬ್ಬರ ಮೇಲೆ ಅತ್ಯಾಚಾರ ಎಸಗಿದ್ದು ಸಾಬೀತಾಗಿದೆಯೆಂದು ಹಿಂದಿನ ದಿನವೇ ತೀರ್ಪಾಗಿತ್ತು. ಶಿಕ್ಷೆ ಎಷ್ಟು ಎಂಬುದೊಂದೇ ಉಳಿದಿತ್ತು. ಸರ್ಕಾರಿ ವಕೀಲರು ಗರಿಷ್ಠ ಶಿಕ್ಷೆ ಕೇಳಿದರು. ಅಪರಾಧಿ ಕಣ್ಣೀರಿಟ್ಟು, ಕಡಿಮೆ ಶಿಕ್ಷೆ ಕೊಡಿ ಎಂದು ಬೇಡಿಕೊಂಡರು. ನ್ಯಾಯಾಧೀಶರು ಜೀವನಪರ್ಯಂತ ಸೆರೆವಾಸ ವಿಧಿಸಿದರು. ಮುಂದೆ ಅವರು ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿದರು. ಅದು ಅವರ ಹಕ್ಕು.

ಆ ಕಣ್ಣೀರಿನ ಸುದ್ದಿ ಕೇಳಿದಾಗ ನಮ್ಮ ಮನಸ್ಸು ಏನೆಂದಿತು? 'ಪಾಪ, ಇನ್ನೂ ಸಣ್ಣ ವಯಸ್ಸು' ಎಂದಿತೆ? ಅಥವಾ 'ಹಿಂಗೇ ಆಗಬೇಕು' ಎಂದು ನಕ್ಕಿತೆ? ಅಳುವವನನ್ನು ಕಂಡು ನಗುವುದು ಕ್ರೈಸ್ತರಿಗೆ ತಕ್ಕದ್ದಲ್ಲ. ಆದರೆ ಮರುಗುವ ಮನಸ್ಸೂ ಒಂದು ಪ್ರಶ್ನೆಗೆ ಉತ್ತರಿಸಬೇಕು: ಇಲ್ಲಿ ಮೊದಲು ಅತ್ತವರು ಯಾರು?

ಆ ಮಹಿಳೆಯ ಮುಖವನ್ನು ನಾವು ನೋಡಿಲ್ಲ. ಆಕೆಯ ಹೆಸರನ್ನು ಕಾನೂನೇ ಕಾಪಾಡುತ್ತದೆ. ದೊಡ್ಡ ಮನೆತನದ ಎದುರು ನಿಂತು ಆಕೆ ಸಾಕ್ಷಿ ಹೇಳಿದರು. ಅವರ ಒಂದು ಸೀರೆಯೂ ಮುಖ್ಯ ಸಾಕ್ಷ್ಯವಾಯಿತು. ಕಣ್ಣಿಗೆ ಕಂಡವರ ಮೇಲೆ ಕನಿಕರ ತಾನಾಗಿ ಹರಿಯುತ್ತದೆ. ಕಾಣದವರನ್ನು ಅದು ಹುಡುಕಿಕೊಂಡು ಹೋಗಬೇಕು. ಹೋಗದಿದ್ದರೆ ಅದು ಅರ್ಧ ಕನಿಕರ.

ಶಿಕ್ಷೆ ಕೊಟ್ಟರೆ ಕರುಣೆಗೆ ಎಡೆಯೆಲ್ಲಿ ಎಂದು ಕೆಲವರು ಕೇಳುತ್ತಾರೆ. ಕದ್ದವನು ಪಾಪನಿವೇದನೆ ಮಾಡಿ ಕ್ಷಮೆ ಪಡೆದರೂ ಕದ್ದದ್ದನ್ನು ಹಿಂದಿರುಗಿಸಲೇಬೇಕೆಂದು ನಾವು ಧರ್ಮೋಪದೇಶದಲ್ಲಿ ಕಲಿತಿದ್ದೇವೆ. ಜಕ್ಕಾಯನೂ ಹಾಗೆಯೇ ನಾಲ್ಕರಷ್ಟು ಕೊಡಲು ಒಪ್ಪಿದ. ಕ್ಷಮೆ ಸಾಲವನ್ನು ಅಳಿಸುವುದಿಲ್ಲ. ದಂಡದ ಹಣದ ಬಹುಭಾಗ ಆ ಮಹಿಳೆಗೆ ಸೇರಬೇಕೆಂದು ನ್ಯಾಯಾಲಯವೂ ಹೇಳಿತು. ಹಣದಿಂದ ತೀರದ ಸಾಲವೂ ಉಂಟು, ಅದಕ್ಕೇ ಸೆರೆವಾಸ. ಸೆರೆಯಲ್ಲಿರುವವನಿಗಾಗಿ ಪ್ರಾರ್ಥಿಸೋಣ, ಆದರೆ ಆಕೆಯನ್ನು ಮರೆತಲ್ಲ.

ಸೈದಾಪುರದ ಸುತ್ತಲಿನ ಹಳ್ಳಿಗಳಿಂದ ಎಷ್ಟೋ ಕುಟುಂಬಗಳು ರೈಲು ಹತ್ತಿ ಬೆಂಗಳೂರಿಗೆ ಗುಳೆ ಹೋಗುತ್ತವೆ. ನಮ್ಮ ಹೆಣ್ಣುಮಕ್ಕಳು ಅಲ್ಲಿ ಯಾರದೋ ಮನೆಯಲ್ಲಿ ಪಾತ್ರೆ ತಿಕ್ಕುತ್ತಾರೆ. ನಾಳೆ ಅವರಲ್ಲೊಬ್ಬಳು ಊರಿಗೆ ಮರಳಿ, 'ಯವ್ವಾ, ಹಿಂಗಾತು' ಎಂದರೆ, 'ಸುಮ್ನಿರು, ಮರ್ಯಾದಿ ಹೋಗ್ತದ' ಎನ್ನುವೆವೋ, ಅಥವಾ ಪಕ್ಕದಲ್ಲಿ ಕೂತು ಪೂರ್ತಿ ಕೇಳುವೆವೋ?

ಯಾವ ನ್ಯಾಯಾಲಯಕ್ಕೂ ಮೊದಲು ಅವಳ ಮಾತು ನಮ್ಮ ಮನೆಯಲ್ಲಿ ಕೇಳಬೇಕಾಗುತ್ತದೆ. ಇಂದು ರಾತ್ರಿ ಊಟಕ್ಕೆ ಕೂತಾಗ ಈ ಮಾತನ್ನು ಮಕ್ಕಳ ಮುಂದೆ ಆಡಿರಿ.